ಹೂವಿನ ಆಚೆಗಿನ ರೋಸಾ

ಸಿದ್ದಾಪುರದ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಮಾರ್ಕ್ಸ್‌ವಾದಿ ಚಿಂತಕಿ, ಕ್ರಾಂತಿಕಾರಿ ರೋಸಾ ಲಕ್ಸೆಂಬರ್ಗ್ ಬಗ್ಗೆ ಬರೆದಿದ್ದೀರಿ. ಅರ್ಧ ಪುಟ ಅವರ ಕೊಲೆ, ಉಳಿದರ್ಧ ಜೈಲಿನ ಹೂವು, ಹಕ್ಕಿ. ಅವರು ಯೋಚಿಸಿದ್ದೇನು? ನಾನು ಕಾಫಿ ತೋಟದ ಕೂಲಿಗಳ ಲೈನ್ ಮನೆಯಲ್ಲಿ ಬೆಳೆದವಳು. ನನಗೆ ಅದು ಬೇಕು."

ನಮಸ್ಕಾರ. ನಿಮ್ಮ ಮಾತು ಸರಿ, ತಪ್ಪು ನಮ್ಮದೇ. 1919ರ ಜನವರಿ 15ರಂದು ಬರ್ಲಿನ್‌ನಲ್ಲಿ ಸೈನಿಕರು ಅವರನ್ನು ಕೊಂದು ಕಾಲುವೆಗೆ ಎಸೆದರು. ಅಲ್ಲಿಂದಲೇ ಶುರು ಮಾಡಿದರೆ ಅದಕ್ಕೂ ಮುಂಚಿನ 47 ವರ್ಷ ಮರೆತೇ ಹೋಗುತ್ತದೆ, ಅಲ್ವಾ?

ಹುಟ್ಟಿದ್ದು 1871ರಲ್ಲಿ, ರಷ್ಯಾದ ಕೈಯಲ್ಲಿದ್ದ ಪೋಲೆಂಡಿನಲ್ಲಿ. ಯಹೂದಿ ಮನೆತನ. ಚಿಕ್ಕಂದಿನ ಕಾಯಿಲೆಯಿಂದ ನಡಿಗೆ ಕುಂಟು. ಜ್ಯೂರಿಕ್‌ನಲ್ಲಿ ಓದಿ 1897ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಬರ್ಲಿನ್‌ಗೆ ಬಂದು ಜರ್ಮನಿಯ ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಕೆಲಸಕ್ಕಿಳಿದರು.

ನಿಮಗೆ ಬೇಕಾದದ್ದು 1913ರಲ್ಲಿ ಬಂದ ಅವರ 'ಬಂಡವಾಳದ ಶೇಖರಣೆ'ಯಲ್ಲಿದೆ. ಬಂಡವಾಳ ತನ್ನ ಅಂಗಳದಲ್ಲೇ ಕೂತು ಬೆಳೆಯಲಾರದು ಅನ್ನುತ್ತಾರೆ ರೋಸಾ. ಇನ್ನೂ ತನ್ನ ಕೈಗೆ ಸಿಗದ ನೆಲ, ಕಾಡು, ದುಡಿಯುವ ಜನರನ್ನು ಹುಡುಕಿಕೊಂಡು ಹೋಗುತ್ತದೆ. ಒಲ್ಲೆ ಅಂದವರನ್ನೂ ಎಳೆದುಕೊಳ್ಳುತ್ತದೆ. ಬ್ರಿಟಿಷರು ಭಾರತದಲ್ಲಿ ಊರೊಟ್ಟಿನ ಜಮೀನನ್ನು ಹೇಗೆ ಒಡೆದರು ಅಂತ ಅವರು ಅಲ್ಲಿ ವಿವರವಾಗಿ ಬರೆದಿದ್ದಾರೆ. ಓದುವಾಗ ನನಗೆ ನಮ್ಮ ಬೆಟ್ಟಗಳೇ ಕಣ್ಣ ಮುಂದೆ ಬಂದವು. 1834ರಲ್ಲಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಇಪ್ಪತ್ತು ವರ್ಷಕ್ಕೆ ಮಡಿಕೇರಿಯಲ್ಲಿ ಬಿಳಿಯರ ಕಾಫಿ ತೋಟ ಎದ್ದಿತು. ಕಾಡಿನ ಜೇನು, ಗೆಡ್ಡೆ ನಂಬಿ ಬದುಕಿದ್ದ ಎಷ್ಟೋ ಜೇನು ಕುರುಬರು ಕೊನೆಗೆ ತೋಟದ ಲೈನ್ ಸೇರಿದರು. ರೋಸಾರ ಲೆಕ್ಕದಲ್ಲಿ ತಪ್ಪಿದೆ ಅಂತ ಮಾರ್ಕ್ಸ್‌ವಾದಿಗಳೇ ಜಗಳ ತೆಗೆದಿದ್ದಾರೆ. ಇರಬಹುದು. ಆದರೆ ಲೈನ್ ಮನೆ ಎಲ್ಲಿಂದ ಬಂತು ಅಂತ ಕೇಳುವವರಿಗೆ ಆ ಪುಸ್ತಕದಷ್ಟು ಹತ್ತಿರದ್ದು ಇನ್ನೊಂದಿಲ್ಲ ಅನ್ನುವುದು ನನ್ನ ನಂಬಿಕೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ, ಯುದ್ಧದ ಖರ್ಚಿಗೆ ಸರ್ಕಾರ ಸಾಲ ಎತ್ತಲಿ ಅಂತ ಅವರ ಪಕ್ಷವೇ ಮತ ಹಾಕಿತು. ರೋಸಾ ಎದುರು ನಿಂತರು. ಯುದ್ಧದ ನಾಲ್ಕು ವರ್ಷಗಳಲ್ಲಿ ಮೂರಕ್ಕೂ ಜಾಸ್ತಿ ಜೈಲಿನಲ್ಲೇ ಕಳೆದರು. ರಷ್ಯಾದ ಕ್ರಾಂತಿಯನ್ನು ಮೆಚ್ಚಿದರು. ಆದರೆ ಸರ್ಕಾರವನ್ನು ಒಪ್ಪದವರಿಗೂ ಸ್ವಾತಂತ್ರ್ಯ ಇರಲೇಬೇಕು ಅಂತ ಜೈಲಿನ ಒಳಗಿನಿಂದಲೇ ಬರೆದರು.

ಇನ್ನು ಹೂವು, ಹಕ್ಕಿ. ಅದನ್ನು ನಾವು ಸುಮ್ನೆ ಅಲಂಕಾರಕ್ಕೆ ಹಾಕಿದಂತೆ ಆಯಿತು, ಕ್ಷಮಿಸಿ. 1917ರ ಡಿಸೆಂಬರ್‌ನಲ್ಲಿ ಬ್ರೆಸ್ಲೌ ಜೈಲಿನಿಂದ ಗೆಳತಿಗೆ ಬರೆದ ಒಂದು ಕಾಗದ ಇದೆ. ರಕ್ತದ ಕಲೆಯಿದ್ದ ಸೈನಿಕರ ಬಟ್ಟೆಗಳನ್ನು ರಿಪೇರಿಗೆಂದು ಜೈಲಿಗೆ ತರುತ್ತಿದ್ದರು. ಗಾಡಿ ಎಳೆಯುತ್ತಿದ್ದದ್ದು ರುಮೇನಿಯಾದಿಂದ ಹಿಡಿದು ತಂದ ಕೋಣಗಳು. ಹೊರೆ ಜಾಸ್ತಿಯಾಗಿ ಅವು ಬಾಗಿಲು ದಾಟಲಿಲ್ಲ. ಸೈನಿಕ ಚಾಟಿಯ ಹಿಡಿಯಿಂದಲೇ ಬಾರಿಸಿದ. ಅಷ್ಟು ದಪ್ಪ ಚರ್ಮ ಸೀಳಿ ಒಂದರ ಮೈಯಿಂದ ರಕ್ತ ಬಂತು. ಕನಿಕರ ಇಲ್ಲವಾ ಅಂತ ಕಾವಲಿನ ಹೆಂಗಸು ಗದರಿದರೆ, ಮನುಷ್ಯರಾದ ನಮಗೇ ಯಾರೂ ಕನಿಕರ ತೋರಿಸಲ್ಲ ಅಂದ ಆತ. ಆ ಕೋಣದ ಎದುರು ನಿಂತು ರೋಸಾ ಅತ್ತರು.

ಹೊಡೆದವನನ್ನು ಬಿಟ್ಟು ಕೋಣವನ್ನು ಮಾತ್ರ ನೋಡಿದ್ದರೆ ಅವನ ಮಾತು ಆ ಕಾಗದದಲ್ಲಿ ಇರುತ್ತಿರಲಿಲ್ಲ. ಅದನ್ನು ಕನ್ನಡಕ್ಕೆ ತಂದು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ನಿಮ್ಮ ಲೈನ್ ಮನೆಯ ಬಗ್ಗೆ ನೀವೂ ಬರೆದು ಕಳಿಸಿ. ಎರಡನ್ನೂ ಅಕ್ಕಪಕ್ಕದ ಪುಟಗಳಲ್ಲಿ ಹಾಕುವ ಆಸೆ ನನಗೆ.

– ಸಂಪಾದಕ