ಒಂದು ಟಿವಿ, ಒಂದು ಫೋನ್, ಮೂವತ್ತೆಂಟು ಮಕ್ಕಳು: ಆ್ಯಪ್ ಹೆಸರು ಕೇಳಬೇಡಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಿಕ್ಷಕರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವ ಆ್ಯಪ್ ಹಾಕಿಕೊಳ್ಳಲಿ’ ಎಂದೇ ಶುರುವಾಗುತ್ತವೆ. ಅದೇ ಮಾತು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಒಂದಕ್ಕೇ ಉದ್ದವಾಗಿ ಉತ್ತರಿಸುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ 38 ಮಕ್ಕಳು, ಒಂದು ಸ್ಮಾರ್ಟ್ ಟಿವಿ, ನನ್ನದೊಂದು ಫೋನ್. ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ವಿಡಿಯೊ ಹಾಕಿದರೆ ಮಕ್ಕಳು ಸುಮ್ಮನೆ ನೋಡುತ್ತಾರೆ. ಗುಂಪು ಮಾಡಿದರೆ ಇಬ್ಬರು ಜಾಣರೇ ಎಲ್ಲ ಮಾಡಿ ಮುಗಿಸುತ್ತಾರೆ. ಒಬ್ಬರಿಂದೊಬ್ಬರು ಕಲಿಯುವಂತೆ ಮಾಡುವ ಒಳ್ಳೆಯ ಆ್ಯಪ್ ತಿಳಿಸಿ. – ಗಣಿತ ಶಿಕ್ಷಕಿ

ಉತ್ತರ: ಆ್ಯಪ್ ಬೇಡ ಮೇಡಂ. ನಿಮಗೆ ಬೇಕಿರುವುದು ಒಂದು ಒಳ್ಳೆಯ ಪ್ರಶ್ನೆ ಮತ್ತು ನಲವತ್ತು ಬಣ್ಣದ ಹಾಳೆ.

ಅಕ್ಕಪಕ್ಕ ಕೂರಿಸಿದ ಮಾತ್ರಕ್ಕೆ ಮಕ್ಕಳು ಒಬ್ಬರಿಂದೊಬ್ಬರು ಕಲಿಯುವುದಿಲ್ಲ. ಇಬ್ಬರ ಉತ್ತರ ಬೇರೆ ಬೇರೆಯಾಗಿ, ತಾನು ಹೇಳಿದ್ದೇ ಸರಿ ಎನ್ನಲು ಇಬ್ಬರೂ ಕಾರಣ ಹುಡುಕಬೇಕಾಗಿ ಬಂದಾಗ ಕಲಿಯುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ತರಗತಿಯಲ್ಲಿ ನಡೆಸಿದ್ದು ಇದನ್ನೇ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನ ಇನ್ನೊಂದು ಮುಖ್ಯ ಸಂಗತಿ ತೋರಿಸಿತು: ಗುಂಪಿನಲ್ಲಿ ಮೊದಲು ಯಾರಿಗೂ ಸರಿಯುತ್ತರ ಗೊತ್ತಿಲ್ಲದಿದ್ದರೂ ಚರ್ಚೆಯಿಂದ ತಿಳಿವಳಿಕೆ ಹೆಚ್ಚುತ್ತದೆ. ಅಂದರೆ ಜಾಣರಿಂದ ದಡ್ಡರಿಗೆ ಉತ್ತರ ದಾಟುವುದಷ್ಟೇ ಇಲ್ಲಿ ನಡೆಯುವುದಲ್ಲ. ಆದರೆ ಅವೆರಡೂ ಕಾಲೇಜು ಹುಡುಗರ ತರಗತಿಗಳು. ಹನ್ನೆರಡು ವರ್ಷದ ಮಕ್ಕಳಿಗೆ ಸಮಯ ಬಿಗಿಯಾಗಿರಬೇಕು, ನಿಯಮ ಕಟ್ಟುನಿಟ್ಟಾಗಿರಬೇಕು.

ಮೊದಲು ಕಾರ್ಡ್. ಪ್ರಶ್ನೆಯ ಒಂದೊಂದು ಆಯ್ಕೆಗೆ ಒಂದೊಂದು ಬಣ್ಣ, ಮಗು ತನ್ನ ಉತ್ತರದ ಬಣ್ಣ ತೋರಿಸಿ ಮತ ಹಾಕುತ್ತದೆ. ನಾಲ್ಕು ಬಣ್ಣದ ದಪ್ಪ ಎ4 ಹಾಳೆ, ಬಣ್ಣಕ್ಕೆ ಹತ್ತು. ಒಂದೊಂದನ್ನೂ ನಾಲ್ಕು ತುಂಡು ಮಾಡಿದರೆ ಪ್ರತಿ ಬಣ್ಣದಲ್ಲೂ 40 ಕಾರ್ಡ್ ಸಿಗುತ್ತವೆ, ನಿಮಗೆ ಎರಡು ಜೊತೆ ಉಳಿಯುತ್ತದೆ. ಕೆಂಪು–ಹಸಿರು ಬಣ್ಣದ ವ್ಯತ್ಯಾಸ ಕಾಣದ ಹುಡುಗರು ತರಗತಿಯಲ್ಲಿ ಇರಬಹುದು, ಹಾಗಾಗಿ ಬಣ್ಣದ ಜೊತೆ ಅಕ್ಷರವನ್ನೂ ದಪ್ಪಗೆ ಬರೆಯಿರಿ. ಅ, ಆ, ಇ, ಈ ಬೇಡ. ಅ ಮತ್ತು ಆ ಹಿಂದಿನ ಬೆಂಚಿನಿಂದ ಒಂದೇ ಥರ ಕಾಣುತ್ತವೆ. ಕ, ಟ, ಮ, ಸ ಇರಲಿ. ಮೂಲೆಯಲ್ಲಿ ಮಗುವಿನ ಹಾಜರಿ ಸಂಖ್ಯೆ ಹಾಕಿ, ನಾಲ್ಕನ್ನೂ ದಾರದಲ್ಲಿ ಪೋಣಿಸಿ. ಮನೆಗೆ ಕೊಡಬೇಡಿ, ಬಿಸ್ಕತ್ ಡಬ್ಬಿಯಲ್ಲಿ ಶಾಲೆಯಲ್ಲೇ ಇಡಿ. ಆಷಾಢದ ಮಳೆಗೆ ಬ್ಯಾಗಿನಲ್ಲಿ ಒದ್ದೆಯಾದ ಕಾರ್ಡ್ ಎರಡೇ ವಾರಕ್ಕೆ ಹಾಳು.

ಇನ್ನು ಪ್ರಶ್ನೆ. ಇಲ್ಲೇ ಎಲ್ಲರೂ ಎಡವುವುದು. ತಪ್ಪು ಆಯ್ಕೆಗಳು ಸುಮ್ಮನೆ ತುಂಬಿಸಿದವಾಗಿರಬಾರದು. ಮಕ್ಕಳು ನಿಜವಾಗಿ ಮಾಡುವ ತಪ್ಪುಗಳೇ ಆಗಿರಬೇಕು. ದಶಮಾಂಶ ತೆಗೆದುಕೊಳ್ಳಿ. ‘0.6, 0.45, 0.125 – ಯಾವುದು ದೊಡ್ಡದು?’ ಅಂಕಿ ಹೆಚ್ಚಿದ್ದರೆ ದೊಡ್ಡದು ಎಂದುಕೊಂಡ ಮಗು 0.125 ಎತ್ತುತ್ತದೆ. ‘ಸಹಸ್ರಾಂಶ ಅಂದರೆ ಚಿಕ್ಕದು, ಆದ್ದರಿಂದ ಉದ್ದ ಇದ್ದದ್ದೆಲ್ಲ ಚಿಕ್ಕದು’ ಎಂದು ನಂಬಿದ ಮಗು 0.6 ಎತ್ತುತ್ತದೆ. ಉತ್ತರ ಸರಿ, ಕಾರಣ ತಪ್ಪು! ನೀವು ಶಭಾಷ್ ಎಂದು ಮುಂದೆ ಹೋಗುತ್ತೀರಿ. ಅದಕ್ಕೇ ಜೋಡಿ ಪ್ರಶ್ನೆ ಬೇಕು: ‘0.3, 0.37, 0.372 – ಯಾವುದು ದೊಡ್ಡದು?’ ಈಗ ಆ ಎರಡನೇ ಮಗು 0.3 ಎತ್ತಿ ಸಿಕ್ಕಿಬೀಳುತ್ತದೆ, ಮೊದಲನೆಯದು ಪಾರಾಗುತ್ತದೆ. ಎರಡನ್ನೂ ಕೇಳದಿದ್ದರೆ ಒಂದು ಗುಂಪಿನ ತಪ್ಪು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಡೆಸುವ ಕ್ರಮ ಹೀಗೆ. ಪ್ರಶ್ನೆ ಟಿವಿಯಲ್ಲಿ, ಕರೆಂಟ್ ಹೋಗಿದ್ದರೆ ಬೋರ್ಡಿನ ಮೇಲೆ. ಒಂದು ನಿಮಿಷ ಯಾರೂ ಮಾತಾಡುವಂತಿಲ್ಲ, ಉತ್ತರ ನೋಟ್‌ಬುಕ್‌ನಲ್ಲಿ ಬರೆಯಬೇಕು. ಆಮೇಲೆ ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಕಾರ್ಡನ್ನು ಎದೆಗೆ ಒತ್ತಿ ಹಿಡಿಯಬೇಕು. ಕೈ ಎತ್ತಿಸಬೇಡಿ, ಎಲ್ಲರೂ ಲೀಡರ್ ಮುಖ ನೋಡಿಯೇ ಕೈ ಎತ್ತುತ್ತಾರೆ. ಸರಿಯುತ್ತರ ಎಣಿಸಿ. ಮಜೂರ್ ಅವರ ಲೆಕ್ಕ ಶೇ 30 ಮತ್ತು 70. ನಿಮ್ಮ ತರಗತಿಗೆ ಅದು ಹೀಗಾಗುತ್ತದೆ: 12ಕ್ಕಿಂತ ಕಡಿಮೆ ಸರಿ ಇದ್ದರೆ ಚರ್ಚೆ ದಂಡ, ಪಾಠವನ್ನೇ ಮತ್ತೆ ಮಾಡಿ. 27 ದಾಟಿದರೆ ಒಂದು ಮಾತಲ್ಲಿ ವಿವರಿಸಿ ಮುಂದೆ ಹೋಗಿ. ನಡುವೆ ಇದ್ದರೆ ಮಾತ್ರ ಚರ್ಚೆ.

ಈಗ ಎಷ್ಟು ಜನ ಯಾವ ಉತ್ತರ ಎಂದು ಬಾಯಿ ಬಿಡಬೇಡಿ. ಬಿಟ್ಟರೆ ಎರಡನೇ ಸಲ ಎಲ್ಲರೂ ಹೆಚ್ಚು ಮತ ಬಿದ್ದ ಕಡೆಗೆ ವಾಲುತ್ತಾರೆ. ‘ಬೇರೆ ಬಣ್ಣ ಹಿಡಿದವರ ಜೊತೆ ಮಾತಾಡಿ’ ಎನ್ನಿ, ಎರಡೇ ನಿಮಿಷ. ಇಬ್ಬರು, ಹೆಚ್ಚೆಂದರೆ ಮೂವರು. ಆರು ಜನರ ಗುಂಪಿನಲ್ಲಿ ನಾಲ್ವರು ಪ್ರೇಕ್ಷಕರು. ನಿಮ್ಮ ಇಬ್ಬರು ಜಾಣರ ಸಮಸ್ಯೆ ಅರ್ಧ ಇಲ್ಲೇ ಮುಗಿಯಿತು. ಇನ್ನರ್ಧಕ್ಕೆ, ಹಾಜರಿ ಸಂಖ್ಯೆ ದೊಡ್ಡದಿರುವವರು ಮೊದಲು ಮಾತಾಡಬೇಕೆಂಬ ನಿಯಮ ಹಾಕಿ, ಮುಂದಿನ ಪ್ರಶ್ನೆಗೆ ಅದನ್ನು ತಿರುವುಮುರುವು ಮಾಡಿ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಕೂತಿದ್ದರೆ ಬೇರೆ ಬಣ್ಣ ಆ ಕಡೆ ಇದ್ದರೂ ಯಾರೂ ಏಳುವುದಿಲ್ಲ. ಆ ಪೀರಿಯಡ್‌ಗೆ ಕೂರುವ ಕ್ರಮ ಬದಲಿಸಿ. ಆಮೇಲೆ ಎರಡನೇ ಮತ, ಆಮೇಲೆ ವಿವರಣೆ. ತಪ್ಪಿನಿಂದ ಸರಿಗೆ ಬಂದ ಮಗುವಿನಿಂದಲೇ ಕಾರಣ ಹೇಳಿಸಿ. ಒಂದು ಪ್ರಶ್ನೆಗೆ ಹತ್ತು ನಿಮಿಷ ಹಿಡಿಯುತ್ತದೆ. 40 ನಿಮಿಷದ ಪೀರಿಯಡ್‌ಗೆ ಎರಡು ಸಾಕು, ಮೂರನೆಯದು ದುರಾಸೆ.

ಫೋನಿನ ಕೆಲಸ ಎರಡು ಫೋಟೊ: ಮೊದಲ ಮತಕ್ಕೊಂದು, ಎರಡನೆಯದಕ್ಕೊಂದು. ಸಂಜೆ ಹೋಲಿಸಿ ನೋಡಿ. ಸರಿಯಿಂದ ತಪ್ಪಿಗೆ ಜಾರಿದ ಮಕ್ಕಳು ಯಾರೆಂದು ಹಾಜರಿ ಸಂಖ್ಯೆ ಹೇಳುತ್ತದೆ. ನಾಳೆ ನೀವು ಪಕ್ಕ ಕೂರಬೇಕಾದದ್ದು ಅವರ ಹತ್ತಿರ. ನೋಡಿದ ಮೇಲೆ ಅಳಿಸಿಬಿಡಿ, ಸ್ಟೇಟಸ್‌ಗೆ ಹಾಕಬೇಡಿ. ಕಾರ್ಡನ್ನು ಫೋನಿನಿಂದಲೇ ಸ್ಕ್ಯಾನ್ ಮಾಡುವ ಪ್ಲಿಕರ್ಸ್ ಎಂಬ ಆ್ಯಪ್ ಇದೆ, ಚೆನ್ನಾಗಿಯೂ ಇದೆ. ಆದರೆ ನೆಟ್ ನಂಬಿ ಕೂತರೆ ಜುಲೈನಲ್ಲಿ ನಿಮ್ಮ ಪಾಠ ನಿಂತುಹೋಗುತ್ತದೆ.

ಟಿವಿಯ ಕೆಲಸವೂ ಇಷ್ಟೇ ಸಣ್ಣದು. ವಿಡಿಯೊವನ್ನು ಫಲಿತಾಂಶ ಬರುವ ಮುಂಚೆ ನಿಲ್ಲಿಸಿ, ಮುಂದೇನಾಗುತ್ತದೆ ಎಂದು ಮತ ಹಾಕಿಸಿ. ವಿಜ್ಞಾನಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಿವೆ, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು, ಹಣ ಕೊಡಬೇಕಿಲ್ಲ. ನೆಟ್ ಸಿಗುವ ಕಡೆ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡರೆ ನೆಟ್ ಇಲ್ಲದೆ ಓಡುತ್ತವೆ. ಅದರಲ್ಲಿ ಒಂದೇ ಥರದ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದಾಗಿ ಜೋಡಿಸಿ, ಸ್ವಿಚ್ ಹಾಕುವ ಮುಂಚೆ ಕೇಳಿ: ಯಾವುದು ಹೆಚ್ಚು ಬೆಳಗುತ್ತದೆ? ‘ಮೊದಲ ಬಲ್ಬು ಕರೆಂಟ್ ತಿಂದುಬಿಡುತ್ತದೆ’ ಎನ್ನುವ ಮಕ್ಕಳು ಎಷ್ಟಿದ್ದಾರೆ ಎಂದು ಆಗ ತಿಳಿಯುತ್ತದೆ. ಮೊದಲೇ ಸ್ವಿಚ್ ಹಾಕಿ ತೋರಿಸಿದರೆ ಎಲ್ಲರೂ ‘ಗೊತ್ತಿತ್ತು ಮಿಸ್’ ಎನ್ನುತ್ತಾರೆ.

ಪ್ರಶ್ನೆ: ಆರನೇ ತರಗತಿ ಮಕ್ಕಳಿಗೆ ವಾಟ್ಸ್ಆ್ಯಪ್ ಗ್ರೂಪ್ ಮಾಡಿ ಚರ್ಚೆ ನಡೆಸಬಹುದೇ? – ಅರಸೀಕೆರೆ

ಉತ್ತರ: ಬೇಡ. ವಾಟ್ಸ್ಆ್ಯಪ್ ಬಳಸಲು ಕನಿಷ್ಠ 13 ವರ್ಷ ಆಗಿರಬೇಕು, ನಿಮ್ಮ ಮಕ್ಕಳಿಗೆ ಹನ್ನೊಂದು. ಪೋಷಕರ ಗ್ರೂಪ್ ಮಾಡಿ, ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ ಮಾಡಿ. ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಹೋಂವರ್ಕ್ ಕಳೆದುಹೋಗುತ್ತದೆ.

ಪ್ರಶ್ನೆ: ಬೆರಳಚ್ಚು ನೋಡಿ ಮಗುವಿನ ಕಲಿಕಾ ಶೈಲಿ ಹೇಳುವವರು ಶಾಲೆಗೆ ಬಂದಿದ್ದಾರೆ. ಕಣ್ಣು ಕಟ್ಟಿಕೊಂಡು ಓದಿಸುವ ಶಿಬಿರವೂ ಇದೆಯಂತೆ. – ಚನ್ನರಾಯಪಟ್ಟಣ

ಉತ್ತರ: ಗೇಟಿನಿಂದಲೇ ಕಳಿಸಿ. ಬೆರಳ ಗೆರೆಗೂ ಕಲಿಕೆಗೂ ಸಂಬಂಧವಿಲ್ಲ. ‘ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು’ ಎಂದು ವಿಂಗಡಿಸಿ ಪಾಠ ಮಾಡಿದರೆ ಲಾಭವಿದೆ ಎನ್ನಲು ತಕ್ಕ ಪುರಾವೆ ಇಲ್ಲವೆಂದು 2008ರಲ್ಲೇ ಮನೋವಿಜ್ಞಾನಿಗಳು ಪರಿಶೀಲಿಸಿ ಹೇಳಿದ್ದಾರೆ. ಕಣ್ಣುಪಟ್ಟಿಯ ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಹಾಳೆಯನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಓದು ನಿಲ್ಲುತ್ತದೆ. ಮಕ್ಕಳಿಗೆ ಸುಳ್ಳು ಹೇಳಲು ತರಬೇತಿ ಕೊಟ್ಟು, ಅದಕ್ಕೆ ಪೋಷಕರಿಂದ ಫೀಸು ಬೇರೆ!

ಪ್ರಶ್ನೆ: ಮೂವರಿಗೆ ಒಂದು ಕಂಪ್ಯೂಟರ್. ಜಗಳ. – ಕೊಪ್ಪ

ಉತ್ತರ: ಮೌಸ್ ಹಿಡಿದವರು ತಾವಾಗಿ ಏನೂ ಮಾಡುವಂತಿಲ್ಲ, ಉಳಿದಿಬ್ಬರು ಹೇಳಿದ್ದನ್ನಷ್ಟೇ ಮಾಡಬೇಕು. ಐದು ನಿಮಿಷಕ್ಕೊಮ್ಮೆ ಜಾಗ ಬದಲು, ಗಡಿಯಾರ ನೋಡಿ.

ಪ್ರಶ್ನೆ: ಗುಡುಗು ಬಂದಾಗ ಸ್ಮಾರ್ಟ್ ಟಿವಿ ಸ್ವಿಚ್ ಆಫ್ ಮಾಡಿದರೆ ಸಾಕೇ? – ಸಕಲೇಶಪುರ

ಉತ್ತರ: ಸಾಲದು. ಪ್ಲಗ್ ಕೀಳಬೇಕು, ಡಿಶ್ ಮತ್ತು ಇಂಟರ್‌ನೆಟ್ ಕೇಬಲ್ ಇದ್ದರೆ ಅವನ್ನೂ, ಅದೂ ಗುಡುಗು ಹತ್ತಿರ ಬರುವ ಮುಂಚೆ. ಬೇಸಿಗೆ ರಜೆಗೆ ಬೀಗ ಹಾಕುವ ದಿನ ಇದನ್ನು ಮರೆಯಬೇಡಿ, ಏಪ್ರಿಲ್–ಮೇ ಗುಡುಗು ಬರುವುದು ಶಾಲೆಯಲ್ಲಿ ಯಾರೂ ಇಲ್ಲದಾಗ. ಹೊದಿಸಲು ಹತ್ತಿ ಬಟ್ಟೆ ಬಳಸಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಕೂರುತ್ತದೆ.