ಮರಗಪ್ಪೆಗೆ ನಲ್ಲಿ ನೀರು ಆಗುತ್ತದೆಯೇ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ವೈಟ್ಸ್ ಮರಗಪ್ಪೆ ತಂದಿದ್ದೇವೆ. ಹಗಲೆಲ್ಲ ನಿದ್ದೆ ಮಾಡುತ್ತದೆ, ಹುಷಾರಿಲ್ಲವೇ? ನಲ್ಲಿ ನೀರು ಇಡಬಹುದೇ?
- ಓದುಗರು, ಡಲ್ಲಾಸ್

ಉತ್ತರ: ನಿದ್ದೆಗೆ ಗಾಬರಿ ಬೇಡಮ್ಮ, ಅದು ರಾತ್ರಿ ಓಡಾಡುವ ಜೀವ. ನನಗೆ ನೀರಿನದೇ ಚಿಂತೆ. ಕಪ್ಪೆ ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ನಮ್ಮನೆಯದು ಸಂಜೆಯಾದರೆ ಬಟ್ಟಲಿಗಿಳಿದು, ಹೊಟ್ಟೆಯನ್ನು ನೀರಿಗೊತ್ತಿ ಕಣ್ಣು ಅರೆಮುಚ್ಚಿ ಕೂರುತ್ತದೆ. ನೀರಲ್ಲಿ ಕ್ಲೋರಿನ್ ಇದ್ದರೆ ಆ ಚರ್ಮಕ್ಕೇ ಪೆಟ್ಟು. ನಲ್ಲಿ ನೀರಿಗೆ ಬೆರೆಸುವ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ರಾತ್ರಿಯಿಡೀ ತೆರೆದಿಟ್ಟರೂ ಹೋಗುವುದಿಲ್ಲ. ಅಕ್ವೇರಿಯಂ ಅಂಗಡಿಯ ಡೀಕ್ಲೋರಿನೇಟರ್ (ಇವೆರಡನ್ನೂ ನಿವಾರಿಸುವ ದ್ರಾವಣ) ಹಾಕಿ, ನೀರನ್ನು ದಿನಾ ಬದಲಿಸಿ.

ತೊಟ್ಟಿ ಅಗಲಕ್ಕಿಂತ ಎತ್ತರವಿರಲಿ, ಹತ್ತಲು ದಪ್ಪ ಕೊಂಬೆಯಿರಲಿ. ಹಗಲು 24ರಿಂದ 29 ಡಿಗ್ರಿ ಸೆಲ್ಸಿಯಸ್ ಸಾಕು. ತಿನ್ನಲು ಜೀರುಂಡೆಗೆ (ಕ್ರಿಕೆಟ್ ಹುಳು) ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಮಗಳಿಗೆ ಮುಟ್ಟುವ ಆಸೆ ಇದ್ದೇ ಇರುತ್ತದೆ. ಸೋಪಿಲ್ಲದ ಒದ್ದೆ ಕೈಯಲ್ಲಿ, ಅಪರೂಪಕ್ಕೆ ಮಾತ್ರ. ಆಮೇಲೆ ಸೋಪು ಹಾಕಿ ಕೈ ತೊಳೆಸಿ.