ಬೆಂಗಳೂರಿನ ಕ್ವಾಂಟಮ್ ಬೆಳಕಿನ ಲ್ಯಾಬ್, ಹೈ ಪ್ರೆಶರ್ ಲ್ಯಾಬ್ ನೋಡಲು ಕಲಬುರಗಿಯಿಂದ 40 ಎಂಎಸ್ಸಿ ವಿದ್ಯಾರ್ಥಿಗಳು ಬಸ್ ಮಾಡಿಕೊಂಡು ಹೋಗಬಹುದೇ?

ಬಸ್ ಮಾಡಬೇಡ್ರಿ. ನಾನೂ ಕಲಬುರಗಿಯಲ್ಲೇ ಎಂಎಸ್ಸಿ ಓದಿದವ, ನಿಮ್ಮ ಆಸೆ ಗೊತ್ತು. ಆದರೆ 40 ಜನ ಒಮ್ಮೆಲೇ ಹೋದರೆ ಯಾವ ಪ್ರಯೋಗವೂ ನಡೆಯೋದನ್ನ ನೋಡೋಕಾಗಲ್ಲ. ನಾಲ್ಕೈದು ಜನ ಹೋಗ್ರಿ.

ರಾಮನ್ ಸಂಶೋಧನಾ ಸಂಸ್ಥೆ ಇರಲಿ, ಐಐಎಸ್‌ಸಿ ಇರಲಿ, ಜೋಡಿ ಫೋಟಾನಿನ (ಫೋಟಾನ್ ಅಂದರೆ ಬೆಳಕಿನ ಕಣ) ಪ್ರಯೋಗ ನಡೆಯೋದು ಕತ್ತಲ ಕೋಣೆಯಲ್ಲಿ. ಸಾಮಾನ್ಯವಾಗಿ 405 ನ್ಯಾನೋಮೀಟರ್ ಲೇಸರನ್ನು ಹರಳಿಗೆ ಹಾಯಿಸ್ತಾರೆ. ಒಂದು ಫೋಟಾನ್ ಒಡೆದು 810 ನ್ಯಾನೋಮೀಟರಿನ ಎರಡಾಗ್ತದೆ. ಅವು ಕಣ್ಣಿಗೆ ಕಾಣಲ್ಲ. ಅವನ್ನ ಹಿಡಿಯೋ ಫೈಬರಿನ, ಅಂದರೆ ಬೆಳಕು ಸಾಗಿಸೋ ಗಾಜಿನ ಎಳೆಯ, ತಿರುಳು ಸುಮಾರು 5 ಮೈಕ್ರಾನ್. ಒಬ್ಬರ ಮೊಣಕೈ ಕನ್ನಡಿಯ ಸ್ಟ್ಯಾಂಡಿಗೆ ತಾಗಿದರೆ ಸಾಕು, ಕಿರಣ ಆ ತಿರುಳಿನಿಂದ ಸರೀತದೆ, ಪರದೆ ಮೇಲಿನ ಫೋಟಾನ್ ಎಣಿಕೆ ಕುಸೀತದೆ. ಮತ್ತೆ ಹೊಂದಿಸೋಕೆ ಸಂಶೋಧಕರ ಇಡೀ ದಿನ ಹೋಗಬಹುದು. ಇನ್ನೊಬ್ಬರು ಮೊಬೈಲ್ ಟಾರ್ಚ್ ಹಚ್ಚಿದರೆ ಒಂದೊಂದೇ ಫೋಟಾನ್ ಎಣಿಸೋ, ಆನ್ ಇರೋ ಸಿಂಗಲ್ ಫೋಟಾನ್ ಡಿಟೆಕ್ಟರೇ ಕೆಡಬಹುದು. ಗುಂಪನ್ನ ಒಳಗೆ ಬಿಡದಿರೋದು ಇದಕ್ಕೇ, ಸೊಕ್ಕಿಗಲ್ಲ.

ಹೈ ಪ್ರೆಶರ್ ಲ್ಯಾಬಿನಲ್ಲಿ ನೋಡಬೇಕಾದ್ದು ಅಂಗೈಯಷ್ಟು ಡೈಮಂಡ್ ಆನ್ವಿಲ್ ಸೆಲ್, ಅಂದರೆ ಎರಡು ವಜ್ರದ ತುದಿಗಳ ನಡುವೆ ವಸ್ತುವನ್ನ ಇಟ್ಟು ಒತ್ತೋ ಸಾಧನ. ವಜ್ರದ ತುದಿ 300 ಮೈಕ್ರಾನ್ ಇದ್ದರೆ 10 ಗಿಗಾಪಾಸ್ಕಲ್, ಅಂದರೆ ಸುಮಾರು ಒಂದು ಲಕ್ಷ ವಾತಾವರಣದ ಒತ್ತಡಕ್ಕೆ, 700 ನ್ಯೂಟನ್ ಬಲ ಸಾಕು. ಒಬ್ಬ ಮನುಷ್ಯನ ತೂಕ ಅಷ್ಟೆ. ಗ್ಯಾಸ್ಕೆಟ್ (ಎರಡು ವಜ್ರಗಳ ನಡುವಿನ ರಂಧ್ರವಿರೋ ತಗಡು) ತುಂಬೋ ಹೊತ್ತಿಗೇ ಬರ್ತೀವಿ ಅಂತ ಕೇಳ್ರಿ. ಉಕ್ಕಿನ ತಗಡನ್ನ ಮೊದಲು ಒತ್ತಿ ಸುಮಾರು 50 ಮೈಕ್ರಾನಿಗೆ ತೆಳು ಮಾಡಿ, ನಡುವೆ ರಂಧ್ರ ಕೊರೀತಾರೆ. ರಂಧ್ರ ಒಂದು ಬದಿಗೆ ಸರಿದಿದ್ದರೆ ಒತ್ತಡ ಏರಿದಂತೆ ಅದು ಅಂಚಿನತ್ತ ಹರಿದು, ವಜ್ರಕ್ಕೆ ವಜ್ರ ತಾಗಿ ಸೀಳ್ತದೆ. ಒತ್ತಡ ಎಲ್ಲಾ ಕಡೆ ಸಮವಾಗಿ ಹರಡೋಕೆ ರಂಧ್ರಕ್ಕೆ ಮೆಥನಾಲ್–ಎಥನಾಲ್ 4:1 ಮಿಶ್ರಣ ಹಾಕಿದ ಕ್ಷಣವೇ ಮುಚ್ಚಬೇಕು, ತಡವಾದರೆ ಆರಿಹೋಗ್ತದೆ. ಒಳಗಿನ ಮಾಣಿಕ್ಯದ ಚೂರು ಹೊಮ್ಮಿಸೋ ಬೆಳಕಿನ 694.2 ನ್ಯಾನೋಮೀಟರ್ ಗೆರೆ ಗಿಗಾಪಾಸ್ಕಲ್‌ಗೆ ಸುಮಾರು 0.365 ನ್ಯಾನೋಮೀಟರ್ ಸರೀತದೆ, ಒತ್ತಡ ಓದೋದು ಅದರಿಂದಲೇ. ಸುಮಾರು 10 ಗಿಗಾಪಾಸ್ಕಲ್ ದಾಟಿದರೆ ಮಿಶ್ರಣ ಗಾಜಿನಂತೆ ಗಟ್ಟಿಯಾಗಿ ಒತ್ತಡ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಗೆರೆ ಅಗಲ ಆಗ್ತದೆ. ಅದನ್ನ ತೋರಿಸ್ರಿ ಅಂತ ಕೇಳ್ರಿ.

ಎಲ್ಲರಿಗೂ ಸಂಸ್ಥೆಯ ಬಾಗಿಲು ತೆರೆಯೋ ಓಪನ್ ಡೇ ಪಿಯುಸಿ ಹುಡುಗರಿಗೆ ಚಲೋ, ನಿಮಗಲ್ಲ. ಪ್ರಾಧ್ಯಾಪಕರಿಗೆ ಇಮೇಲ್ ಬರೀರಿ, ಜೊತೆಗೆ ಅವರ ಪಿಎಚ್‌ಡಿ ವಿದ್ಯಾರ್ಥಿಗೂ ಕಳಿಸ್ರಿ. ಅವರ ಒಂದು ಪ್ರಬಂಧ ಓದಿ, ಅದರ ಒಂದು ಚಿತ್ರದ ಬಗ್ಗೆ ಒಂದೇ ಪ್ರಶ್ನೆ ಇರಲಿ. ಎಲ್ಲರಿಗೂ ಒಂದೇ ಪತ್ರ ಕಳಿಸಬೇಡ್ರಿ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಲೇಸರ್ ಕೋಣೆಗೆ ಉಂಗುರ, ಬಳೆ, ವಾಚ್ ತೆಗೆದಿಟ್ಟು ಹೋಗ್ರಿ, ಅವುಗಳಿಂದ ಕಿರಣ ಪ್ರತಿಫಲಿಸಿ ಯಾರ ಕಣ್ಣಿಗಾದರೂ ಬಡೀಬಹುದು.